ಜೋಳಿಗೆಗೆ ಹಾಕಿದ ಮೇಲೆ

ಇಂಗಳೇಶ್ವರ, ಬಸವಣ್ಣನವರ ತಾಯಿಯ ತವರೂರು ಎಂದು ನಾಡು ನೆನೆಯುವ ಊರು. ವಚನಗಳನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ ಶಿಲಾಮಂಟಪ ಇಲ್ಲಿದೆ. ಇಳಿಹೊತ್ತಿನಲ್ಲಿ ಅದರ ಹೊರಗಿನ ಕಟ್ಟೆಯ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರು. ಇನ್ನೊಬ್ಬಳು ಅವರ ಅಕ್ಕನ ಮಗಳು. ದೂರದ ಊರಿನ ಆಸ್ಪತ್ರೆಯೊಂದರಲ್ಲಿ, ಕುಡಿತ ಬಿಡಿಸುವ ವಿಭಾಗದಲ್ಲಿ ಆಪ್ತಸಮಾಲೋಚಕಿಯಾಗಿದ್ದಾಳೆ. ಎರಡು ದಿನದ ಮಟ್ಟಿಗೆ ಸೋದರಮಾವನ ಮನೆಗೆ ಬಂದಿದ್ದಾಳೆ.

ಸೊಸಿ: ಮಾಮಾ, ಮಧ್ಯಾಹ್ನ ಅತ್ತಿ ಎರಡು ರೊಟ್ಟಿ ಬ್ಯಾರೆ ತಗದು ಅರಿವ್ಯಾಗ ಕಟ್ಟಿ ಇಟ್ಟಳು. ಯಾರಿಗೆ ಅಂತ ಕೇಳಿದ್ರ ಬಾಯಿ ಬಿಡಲಿಲ್ಲ. ಸಣ್ಣಮಾಮಾ ಎಲ್ಲಿ ಅದಾನ?

ಮಾಮಾ: ತ್ವಾಟದ ಗುಡಸಲದಾಗ ಅದಾನ. ಅವನ ಹೆಸರ ನನ್ನ ಮುಂದ ತಗೀಬ್ಯಾಡ ಯವ್ವಾ. ದೇವರ ಮುಂದ ಆಣಿ ಮಾಡಿ ಮುರದಾಂವ ಅವಾ.

ಸೊಸಿ: ಆಣಿ ಯಾವಾಗ ಮಾಡಿದಾ?

ಮಾಮಾ: ಹೋದ ವರ್ಷ ಶ್ರಾವಣದಾಗ. ನಾನ ಕೈ ಹಿಡಕೊಂಡು ಗುಡಿಗೆ ಒಯ್ದೆ. ಕಾಯಿ ಒಡಸಿ, ಭಂಡಾರ ಮುಟ್ಟಿಸಿ, ಇನ್ನ ಮ್ಯಾಲೆ ಒಂದು ಹನಿ ಮುಟ್ಟೂದಿಲ್ಲ ಅಂತ ಹೇಳಿಸಿದೆ. ಹದಿನೈದು ವರ್ಷದ ಕುಡಿತ. ಮುಂಜಾನೆದ್ದು ಮಾರಿ ತೊಳಿಯೂದರ ಒಳಗ ಒಂದು ಪಾಕೀಟು ಬೇಕಾಗತಿತ್ತು. ಅವತ್ತಿನಿಂದ ಖರೇನ ಮುಟ್ಟಲಿಲ್ಲ. ಮರುದಿನ ಚಾ ಕೊಟ್ರ ಕಪ್ಪು ಬಸಿ ಎರಡೂ ಗಡಗಡ ಅಂದ್ವು. ಎರಡೂ ಕೈಲೆ ಹಿಡದ್ರೂ ಅರ್ಧ ಚಾ ಅಂಗಿ ಮ್ಯಾಲೆ. ಮೂರನೇ ದಿನ ರಾತ್ರಿ ಎದ್ದು ಕೂತಾ. ಮೈಯೆಲ್ಲ ಬೆವರ. ಕೌದಿ ಮ್ಯಾಲೆ ಏನೂ ಇಲ್ಲ, ಎರಡು ಬೆರಳೀಲೆ ಹುಳಾ ಆರಿಸಿ ಆರಿಸಿ ಒಗ್ಯಾಕ ಹತ್ತಿದಾ. ಜಂತಿಯೊಳಗ ಹಾವು ಹರದಾಡಾಕತ್ತಾವ ಅಂತ ಚೀರಿದಾ. ನನ್ನ ಗುರ್ತ ಹತ್ತಲಿಲ್ಲ ಅವಗ. ಗಾಳಿ ಬಡದೈತಿ ಅಂದ್ರು ಮಂದಿ. ತಾಯತ ಕಟ್ಟಿಸಿದೆ. ಬೆಳಗಾಗೂದರೊಳಗ ಮೈ ಸೆಟದು, ಬಾಯಾಗ ನೊರಿ ಬಂತು. ಗಾಡಿ ಮಾಡಿಕೊಂಡು ವಿಜಯಪುರಕ್ಕ ಒಯ್ದಾಗ ಡಾಕ್ಟರ್ರು ಅಂದ್ರು, ಇನ್ನೊಂದು ತಾಸು ತಡಾ ಮಾಡಿದ್ರ ಉಳೀತಿರಲಿಲ್ಲ.

ಸೊಸಿ: ಅದು ಗಾಳಿ ಅಲ್ಲ ಮಾಮಾ. ಭಾರದ ಬಂಡಿ ಎಳಿಯೂ ಎತ್ತು ಮೈಯೆಲ್ಲ ಮುಂದಕ್ಕ ಹಾಕಿ ಜಗ್ಗತಿರತಾವ. ಹಂತಾ ಹೊತ್ತಿನ್ಯಾಗ ಹಗ್ಗ ಹರದ್ರ ಏನಾಗತೈತಿ?

ಮಾಮಾ: ಮುಂದಕ್ಕ ಮುಕ್ಕರಿಸಿ ಬೀಳತಾವ.

ಸೊಸಿ: ಮಿದುಳೂ ಹಂಗ. ಶೆರೆ ಅದನ್ನ ದಿನಾ ಹಿಂದಕ್ಕ ಜಗ್ಗತೈತಿ, ಮಂಕು ಮಾಡತೈತಿ. ಆ ಭಾರದ ಎದುರು ಎಚ್ಚರ ಇರಾಕ ಮಿದುಳು ವರ್ಷಾನುಗಟ್ಟಲೆ ಜೋರ ಹಾಕಿ ಹಾಕಿ ರೂಢಿ ಆಗಿರತೈತಿ. ಒಮ್ಮಿಗೇ ಶೆರೆ ನಿಂತ್ರ ಜೋರ ಹಂಗ ಉಳೀತೈತಿ, ತಡಿಯೂ ಭಾರ ಇರೂದಿಲ್ಲ. ಕೈ ನಡಗೂದು ಆರೆಂಟು ತಾಸಿನ್ಯಾಗ ಸುರು. ಮೂರ್ಛಿ ಬರೂದಾದ್ರ ಮೊದಲ ಎರಡು ದಿನದಾಗ ಹೆಚ್ಚು. ಹುಳಾ, ಹಾವು ಕಾಣೂದು, ಗುರ್ತ ತಪ್ಪೂದು ಎರಡನೇ ದಿನದಿಂದ ಮೂರನೇ ದಿನದ ಸುಮಾರಿಗೆ. ಎಲ್ಲಾರಿಗೂ ಹಿಂಗಾಗೂದಿಲ್ಲ. ವರ್ಷಗಟ್ಟಲೆ ದಿನಾ ಮುಂಜಾನಿಂದ ಕುಡದಾವರಿಗೆ, ಹಿಂದ ಒಮ್ಮೆ ಮೂರ್ಛಿ ಬಂದಾವರಿಗೆ ಆಗೂದು ಹೆಚ್ಚು. ಅವರು ಡಾಕ್ಟರ ಕಣ್ಣ ಮುಂದ ಬಿಡಬೇಕು. ನಡುಕ ತಡಿಯೂ ಗುಳಿಗಿ ಮೊದಲ ಜಾಸ್ತಿ ಕೊಟ್ಟು, ವಾರದಾಗ ಕಡಿಮಿ ಮಾಡಿಕೊಂತ ಬರತಾರ. ಅದರ ಜೋಡಿ ಥಯಮಿನ್ ಅಂತ, ಬಿ-1 ಜೀವಸತ್ವ.

ಮಾಮಾ: ವಿಜಯಪುರಕ್ಕ ಒಯ್ಯೂ ಮೊದಲ ನಮ್ಮೂರಾಗ ಗ್ಲುಕೋಸ್ ಬಾಟಲಿ ಹಚ್ಚಿಸಿದ್ವಿ.

ಸೊಸಿ: ಭಾಳ ಊರಾಗ ಆಗೂ ತಪ್ಪು ಇದು. ಉಣ್ಣದ ಕುಡದಾವರ ಮೈಯಾಗ ಥಯಮಿನ್ ಬತ್ತಿರತೈತಿ. ಗ್ಲುಕೋಸ್ ಕರಗಸಾಕ ಅದ ಬೇಕು. ಅದನ್ನ ಕೊಡದ ಬರೇ ಗ್ಲುಕೋಸ್ ಏರಿಸಿದ್ರ ಉಳದ ಚೂರೂ ಖರ್ಚಾಗಿ, ಮಿದುಳಿಗೆ ಪೆಟ್ಟು ಬೀಳಬಹುದು. ನೆನಪು ಕಾಯಂ ಹೋದಾವರನ್ನ ನಾ ನೋಡೀನಿ, ಮಾಮಾ. ಮಕ್ಕಳ ಹೆಸರ ಕೇಳಿದ್ರ ನಕ್ಕು ಸುಮ್ಮನಾಗತಾರ. ಥಯಮಿನ್ ತುಟ್ಟಿ ಔಷಧ ಅಲ್ಲ. ಗ್ಲುಕೋಸಿಗಿಂತ ಮೊದಲ ಥಯಮಿನ್ ಅನ್ನೂ ಒಂದು ಮಾತು ಪ್ರತಿ ಊರಿಗೂ ಗೊತ್ತಾಗಬೇಕು.

ಮಾಮಾ: ಹಂಗಾದ್ರ ಆಣಿ ಮಾಡಿಸಿದ್ದ ತಪ್ಪಾ? ನಮ್ಮ ಇಳಕಲ್ಲ ಅಪ್ಪಾವರು ಮಾಡಿದ್ದು ಏನು? ಚಿತ್ತರಗಿ ಮಠದ ಮಹಾಂತ ಅಪ್ಪಾವರು 1975ರಿಂದ ಹೆಗಲಿಗೆ ಜೋಳಿಗಿ ಹಾಕ್ಕೊಂಡು ಊರೂರು ತಿರಗಿದ್ರು. ಅಕ್ಕಿ ಬ್ಯಾಡ, ರೊಕ್ಕ ಬ್ಯಾಡ, ನಿಮ್ಮ ಚಟ ನನ್ನ ಜೋಳಿಗಿಗೆ ಹಾಕ್ರಿ ಅಂದ್ರು. ಬೀಡಿ ಕಟ್ಟು, ತಂಬಾಕದ ಚೀಟಿ, ಶೆರೆ ಬಾಟಲಿ ಹಾಕಿದಾವರು ಎಷ್ಟು ಮಂದಿ! ಅವರು ಹುಟ್ಟಿದ ಆಗಸ್ಟ್ 1 ಇವತ್ತಿಗೂ ನಾಡೆಲ್ಲ ವ್ಯಸನಮುಕ್ತ ದಿನ. 2018ರಾಗ ಅಪ್ಪಾವರು ಲಿಂಗೈಕ್ಯರಾದಾಗ ಕುಡಿತ ಬಿಟ್ಟಾವರ ಹೆಂಡಂದಿರು ಅತ್ತಿದ್ದು ನಾ ಕಣ್ಣಾರೆ ನೋಡೀನಿ.

ಸೊಸಿ: ಜೋಳಿಗಿ ತಪ್ಪು ಅಂತ ನಾ ಅನ್ನೂದಿಲ್ಲ. ನನ್ನ ಕೆಲಸದಾಗ ನನಗ ಆ ಜೋಳಿಗಿ ಭಾಳ ಸಲ ನೆನಪಾಗತೈತಿ. ಯಾಕಂದ್ರ ಭಿಕ್ಷಾ ಬೇಡಾಕ ಬಂದಾವರು ಅಪ್ಪಾವರು. ಕೊಡಾಂವ ಕುಡುಕ. ಊರಾಗ ಎಲ್ಲಾರ ಕಡಿಂದ ಬೈಸಿಕೊಳ್ಳಾಂವ ಆ ಒಂದು ಗಳಿಗಿ ದಾನಿ ಆದಾ. ಅವನ ಕೈ ಮ್ಯಾಲೆ, ಸ್ವಾಮಿಗಳ ಕೈ ಕೆಳಗ. ಅವಂಗ ಮರ್ಯಾದಿ ಕೊಟ್ಟು ಬಿಡಿಸಿದ್ರು. ನೀ ಸಣ್ಣಮಾಮಾನ್ನ ಗುಡಿಗೆ ಒಯ್ದಿದ್ದು ಹಂಗಿತ್ತಾ?

ಮಾಮಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇಲ್ಲ. ರಟ್ಟಿ ಹಿಡದು ಎಳಕೊಂಡು ಒಯ್ದೆ. ಓಣಿ ಮಂದಿ ನೋಡಾಕತ್ತಿದ್ರು.

ಸೊಸಿ: ಎರಡನೇದು, ಜೋಳಿಗಿಗೆ ಹಾಕಿದ ಮ್ಯಾಲೆ ಮುಂದೇನು ಅನ್ನೂದು. ಆಣಿ ಬಾಗಿಲಾ ತಗೀತೈತಿ, ಅದು ಸಣ್ಣ ಕೆಲಸ ಅಲ್ಲ. ಆದ್ರ ಮೂರನೇ ದಿನ ಮೈ ನಡಗುವಾಗ ಜೊತಿಗೆ ಯಾರು? ಮೂರನೇ ತಿಂಗಳ ಬಸ್‌ಸ್ಟ್ಯಾಂಡಿನ್ಯಾಗ ಹಳೇ ಗೆಳ್ಯಾ ಹೆಗಲ ಮ್ಯಾಲೆ ಕೈ ಹಾಕಿದಾಗ ಜೊತಿಗೆ ಯಾರು? ಧರ್ಮಸ್ಥಳದಾವರು ಊರೂರಾಗ ಮದ್ಯವರ್ಜನ ಶಿಬಿರ ಮಾಡತಾರಲ್ಲ, ಆ ಶಿಬಿರದಷ್ಟ ಮುಖ್ಯ ಅದರ ಮುಂದಿನ ನವಜೀವನ ಸಮಿತಿ. ಬಿಟ್ಟಾವರು ಮತ್ತ ಮತ್ತ ಕೂಡತಾರ, ಒಬ್ಬರ ಮಾರಿ ಒಬ್ಬರು ನೋಡತಾರ. ಆಣಿ ಒಂದು ದಿನದ್ದು ಮಾಮಾ. ಕಾವಲು ವರ್ಷಗಟ್ಟಲೆದ್ದು.

ಮಾಮಾ: ಕಾವಲು ಯಾಕ ಬೇಕು? ಶೆರೆನ ಇಲ್ಲದಂಗ ಮಾಡಿದ್ರ ಮುಗೀತಲ್ಲ. ಸರಕಾರ ಅಂಗಡಿ ಬಂದ್ ಮಾಡಲಿ.

ಸೊಸಿ: ನಮ್ಮ ಜಿಲ್ಲಾಕ್ಕ ಅದು ಹೊಸದಲ್ಲ. 1956ರ ತನಕ ನಾವು ಮುಂಬೈ ರಾಜ್ಯದಾಗ ಇದ್ವಿ. ಆ ರಾಜ್ಯದ ಪಾನನಿಷೇಧ ಕಾಯ್ದೆ 1949ರದ್ದು. ಅದರ ಕಾಲದಾಗ ಏನಾತು ಅಂತ ಅಜ್ಜ ಹೇಳತಿದ್ದಾ, ನಿನಗೂ ನೆನಪಿರಬೇಕು.

ಮಾಮಾ: ಹಳ್ಳದ ದಂಡಿಗೆ ಕಳ್ಳಭಟ್ಟಿ ಹಚ್ಚತಿದ್ರು ಅಂತ ಹೇಳತಿದ್ದಾ. ಪೋಲೀಸರು ಬಂದ್ರ ಮಡಿಕಿ ಹುಗಿಯೂದು.

ಸೊಸಿ: ಆಮ್ಯಾಲೆ ನಮ್ಮ ಕಾಲದ್ದು. 2007ರ ಜುಲೈ 1ರಿಂದ ಕರ್ನಾಟಕದಾಗ ಸರಾಯಿ ಬಂದ್. ಹೆಣ್ಣಮಕ್ಕಳು ದೀಪಾ ಹಚ್ಚಿದ್ರು, ನಮ್ಮವ್ವನೂ ಹಚ್ಚಿದಳು. ಒಂದು ವರ್ಷ ತುಂಬಿರಲಿಲ್ಲ, 2008ರ ಮೇದಾಗ ಬೆಂಗಳೂರು, ಕೋಲಾರದ ಕಡೆ ಮತ್ತ ಗಡಿ ಆಚೆ ತಮಿಳುನಾಡಿನ ಹಳ್ಯಾಗ ಕಳ್ಳಭಟ್ಟಿ ಕುಡದು ನೂರಕ್ಕೂ ಹೆಚ್ಚು ಬಡವರು ಸತ್ರು. ಇತ್ತ ಸರಾಯಿ ಪಾಕೀಟಿನ ಜಾಗಾದಾಗ ಅಗ್ಗದ ವಿಸ್ಕಿ ಪಾಕೀಟು ಬಂದು ಕೂತ್ವು.

ಮಾಮಾ: ಹಂಗಂತ ಸುಮ್ಮನ ಕೂಡೂದಾ? 2019ರ ಜನವರ್ಯಾಗ ಚಿತ್ರದುರ್ಗದಿಂದ ಬೆಂಗಳೂರಿನ ತನಕ ಎರಡು ನೂರು ಕಿಲೋಮೀಟರ ನಡಕೊಂಡು ಹೋದ್ರಲ್ಲ ಹೆಣ್ಣಮಕ್ಕಳು, ಮದ್ಯ ನಿಷೇಧ ಬೇಕು ಅಂತ, ಅವರು ಹುಚ್ಚರಾ?

ಸೊಸಿ: ಅಲ್ಲ. ರಾಯಚೂರು ಕಡಿಂದ ಬಂದ ಆ ಹೆಣ್ಣಮಕ್ಕಳ ಮಾತು ನಾವು ನೆಟ್ಟಗ ಕೇಳಲಿಲ್ಲ. ಊರಾಗಿನ ಕಿರಾಣಿ ಅಂಗಡ್ಯಾಗ, ಹೊಟೇಲದಾಗ ಕಳುವಿಲೆ ಮಾರೂದು ನಿಲ್ಲಸ್ರಿ ಅನ್ನೂದೂ ಅವರ ಕೂಗಾಗಿತ್ತು. ಲೈಸನ್ಸ್ ಇಲ್ಲದ ಮಾರಾಟ ಇವತ್ತಿನ ಕಾಯ್ದೆದಾಗೂ ತಪ್ಪ ಐತಿ. ಕೈಗೆ ಸಿಗೂದು ಕಡಿಮಿ ಆದ್ರ, ರೇಟು ಏರಿದ್ರ ಕುಡಿಯೂದು ಕಡಿಮಿ ಆಗತೈತಿ ಅಂತ ಲೋಕದ ಎಲ್ಲಾ ಕಡಿ ಅಧ್ಯಯನ ಹೇಳತಾವ. ನಾ ಅನ್ನೂದು ಇಷ್ಟ: ಮಾರೂದನ್ನ ತಡಿಯೂದು ನಾಳಿನ ಕುಡುಕನ್ನ ಕಡಿಮಿ ಮಾಡತೈತಿ. ಇವತ್ತ ಮೈಯಾಗ ಶೆರೆ ಬೇರ ಬಿಟ್ಟಾವನ್ನ ಅದೊಂದ ಉಳಿಸೂದಿಲ್ಲ. 2020ರ ಲಾಕ್‌ಡೌನ್ ನೆನಪೈತಲ್ಲ? ಮಾರ್ಚ್ ಕಡೀಕ ಅಂಗಡಿ ಎಲ್ಲಾ ಒಮ್ಮಿಗೇ ಮುಚ್ಚಿದ್ವು, ತಗದಿದ್ದು ಮೇ 4ಕ್ಕ. ಆವಾಗ ಸಣ್ಣಮಾಮಾಗ ಆದಂಗ ಗುರ್ತ ತಪ್ಪಿ, ಮೂರ್ಛಿ ಬಂದು ಆಸ್ಪತ್ರಿಗೆ ಬಂದಾವರು ಬೆಂಗಳೂರಾಗ ಹೆಚ್ಚಾದ್ರು ಅಂತ ನಿಮ್ಹಾನ್ಸ್ ಮಾನಸಿಕ ಆಸ್ಪತ್ರಿ ಡಾಕ್ಟರ್ರು ಬರದಾರ. ಬಾಗಿಲಾ ಮುಚ್ಚಾವರು ಇನ್ನೊಂದು ಬಾಗಿಲಾ ತಗದಿರಬೇಕು.

ಮಾಮಾ: ಆ ಇನ್ನೊಂದು ಬಾಗಿಲಾ ಎಲ್ಲೈತಿ? ಬೆಂಗಳೂರಾಗ ನಿಮ್ಹಾನ್ಸ್, ಧಾರವಾಡದಾಗ ಡಿಮ್ಹಾನ್ಸ್. ಇಂಗಳೇಶ್ವರದಾಂವ ಅಷ್ಟು ದೂರ ಹೋಗತಾನಾ?

ಸೊಸಿ: ಕುತ್ತಿಗಿ ಹಿಡಿಯೂ ಪ್ರಶ್ನೆ ಇದ. ಏಮ್ಸ್‌ದಾವರು ದೇಶದ ತುಂಬ ಮಾಡಿದ ಸಮೀಕ್ಷೆ 2019ರಾಗ ಹೊರಗ ಬಂತು. ಶೆರೆ ಇಲ್ಲದ ಇರಾಕ ಆಗದ ಹಂತಕ್ಕ ಹೋದಾವರು ಸುಮಾರು 2.9 ಕೋಟಿ. ಅವರೊಳಗ ಏನರೆ ಒಂದು ಚಿಕಿತ್ಸೆ ಸಿಕ್ಕಾವರು 38 ಮಂದಿಗೆ ಒಬ್ಬಾಂವ. ದವಾಖಾನ್ಯಾಗ ಒಳಗ ಇದ್ದು ಆರೈಕಿ ಮಾಡಿಸಿಕೊಂಡಾವರು 180ಕ್ಕ ಒಬ್ಬಾಂವ. ಬಾಗೇವಾಡಿ ಬಸ್ಸಿನ್ಯಾಗ 38 ಮಂದಿ ಕೂಡ್ರಿಸು, ಒಬ್ಬಾಂವ ದವಾಖಾನಿ ಮೆಟ್ಟಲಾ ಹತ್ಯಾನ, 37 ಮಂದಿ ಹತ್ತಿಲ್ಲ.

ಮಾಮಾ: ಡಾಕ್ಟರ್ರ ಎಲ್ಲಿ ಅದಾರ ಅಷ್ಟು ಮಂದಿಗೆ?

ಸೊಸಿ: ಅದಕ್ಕ ಉತ್ತರಾ ಹುಡಿಕಿದ್ದು ಕನ್ನಡ ನಾಡ ಮಾಮಾ. 1985ರಿಂದ ಐದು ವರ್ಷ ನಿಮ್ಹಾನ್ಸ್‌ದಾವರು ಬಳ್ಳಾರಿ ಜಿಲ್ಲಾದಾಗ ಒಂದು ಪ್ರಯೋಗ ಮಾಡಿದ್ರು. ಮನಸ್ಸಿನ ಜಡ್ಡಿಗೆ ದೊಡ್ಡ ಆಸ್ಪತ್ರಿಗೇ ಹೋಗಬೇಕಂತಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ರು, ನರ್ಸಮ್ಮಗೋಳಿಗೆ ಕಲಿಸಿದ್ರ ಅಲ್ಲೇ ನೋಡಬಹುದು ಅಂತ ತೋರಿಸಿದ್ರು. ಆ ಬಳ್ಳಾರಿ ಮಾದರಿ 1996ರಾಗ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆತು. ನಮ್ಮ ರಾಜ್ಯದಾಗ ಮನೋಚೈತನ್ಯ ಅಂತ ಮಂಗಳವಾರಕ್ಕೊಮ್ಮೆ ತಾಲೂಕ ಆಸ್ಪತ್ರಿಗೆ ಮನೋವೈದ್ಯರು ಬರೂ ಪದ್ಧತಿ ಸುರು ಆಗಿದ್ದೂ ಇದ ದಾರ್ಯಾಗ. ಇನ್ನೊಂದು ಗೋವಾದ್ದು.

ಮಾಮಾ: ನಮ್ಮ ಅರ್ಧ ಓಣಿ ದುಡ್ಯಾಕ ಹೋಗಿರೂ ಗೋವಾದ್ದಾ?

ಸೊಸಿ: ಅದ. ಅಲ್ಲಿ ಆರೋಗ್ಯ ಕೇಂದ್ರಕ್ಕ ಜ್ವರಾ, ಕೆಮ್ಮು ಅಂತ ಬಂದ ಗಂಡಸರಿಗೆ ಹತ್ತು ಪ್ರಶ್ನೆ ಕೇಳಿದ್ರು. ಎಷ್ಟು ದಿನಕ್ಕೊಮ್ಮೆ ಕುಡೀತಿ, ಕುಡದು ಕೆಲಸ ತಪ್ಪೈತಾ, ಮುಂಜಾನೆದ್ದ ಕೂಡಲೆ ಬೇಕಾಗತೈತಾ, ಹಿಂಗ. ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಪ್ರಶ್ನೆ ಅವು. ಕುಡಿತ ಹಾನಿ ಮಾಡೂ ಮಟ್ಟಕ್ಕ ಹೋಗೈತಿ, ಪೂರಾ ದಾಸ ಇನ್ನೂ ಆಗಿಲ್ಲ ಅನ್ನೂವಂಥ 377 ಮಂದಿನ್ನ ಆರಿಸಿದ್ರು. ಅರ್ಧದಷ್ಟು ಮಂದಿಗೆ ಡಾಕ್ಟರ್ರ ಮಾಮೂಲಿ ಆರೈಕಿ. ಉಳದಾವರಿಗೆ ಅದರ ಜೋಡಿ ಹೆಚ್ಚಂದ್ರ ನಾಕು ಸಲ ಕೂತು ಮಾತು. ಮಾತಾಡಿದಾವರು ಡಾಕ್ಟರ್ರಲ್ಲ, ತರಬೇತಿ ಕೊಟ್ಟ ಸಾದಾ ಮಂದಿ. ಒಂದು ವರ್ಷದ ಮ್ಯಾಲೆ ನೋಡಿದ್ರ, ಮಾತು ಸಿಕ್ಕಾವರೊಳಗ ನೂರಕ್ಕ 54 ಮಂದಿ ಹಾನಿ ಮಟ್ಟದಿಂದ ಕೆಳಗ ಇಳದಿದ್ರು. ಬರೇ ಮಾಮೂಲಿ ಆರೈಕಿ ಸಿಕ್ಕಾವರೊಳಗ ನೂರಕ್ಕ 32. ಅದು ಬರೇ ಎರಡು ಅಂಕಿ ನಡುವಿನ ಅಂತರ ಅಲ್ಲ, ನಾಕು ಸಲ ಯಾರೋ ಎದುರು ಕೂತು ಬೈಯದ ಕೇಳಿದ್ದರ ಬೆಲಿ.

ಮಾಮಾ: ನಮ್ಮ ಆಶಾ ಕಾರ್ಯಕರ್ತಿ ಮಾಡಬಹುದಾದ ಕೆಲಸ ಇದು.

ಸೊಸಿ: ಮಾಡಬಹುದು, ಅದಕ್ಕ ತಕ್ಕ ಪಗಾರ ಕೊಟ್ಟು, ಕಲಿಸಿ, ಹೊತ್ತು ಕೊಟ್ರ. ನನ್ನ ಮಾತು ಇದ ಮಾಮಾ. ನಮ್ಮ ರಾಜ್ಯ 2025-26ಕ್ಕ ಅಬಕಾರಿಯಿಂದ ಗುರಿ ಇಟ್ಟ ಆದಾಯ 40,000 ಕೋಟಿ ರೂಪಾಯಿ. ಆ ರೊಕ್ಕ ಬರೂದು ಯಾರ ಕಿಸೆದಿಂದ? ಹತ್ತಿ ಬಿಡಿಸಿದ ಕೂಲಿಯಿಂದ, ತೊಗರಿ ರಾಶಿಯಿಂದ, ಗಾರಿ ಕೆಲಸದಿಂದ. ಅದರಾಗಿನ ಒಂದು ಪಾಲು ಇಂಥದ್ದಕ್ಕ ಅಂತ ಕಾಯ್ದೆಯಲೆ ತಗದಿಟ್ಟು, ಪ್ರತಿ ಆರೋಗ್ಯ ಕೇಂದ್ರದಾಗ ಹತ್ತು ಪ್ರಶ್ನೆ ಕೇಳಾವರು, ಥಯಮಿನ್, ನಡುಕದ ಗುಳಿಗಿ, ತಿಂಗಳಿಗೊಮ್ಮೆ ಮನಿಗೆ ಬಂದು ಮಾತಾಡಸಾವರು, ಇಷ್ಟು ಇರಬೇಕು. ಶೆರೆ ಪಾಕೀಟು ಮುಟ್ಟಿದ ಪ್ರತಿ ಹಳ್ಳಿಗೂ ಔಷಧ ಮುಟ್ಟಬೇಕು.

ಮಾಮಾ: ನಾ ರೊಕ್ಕಾ ಖರ್ಚ ಮಾಡಿಲ್ಲ ಅನಬ್ಯಾಡ. ವಿಜಯಪುರದಿಂದ ಬಂದ ಮ್ಯಾಲೆ ನಾಕು ತಿಂಗಳ ಚಲೋ ಇದ್ದಾ. ತೊಗರಿ ಕೊಯ್ಲು ಅವನ ನಿಂತು ಮಾಡಿಸಿದಾ. ಮದವ್ಯಾಗ ಮತ್ತ ಕುಡದಾ. ಆವಾಗ ಯಾರೋ ಹೇಳಿದ್ರು ಅಂತ ಒಂದು ಕೇಂದ್ರಕ್ಕ ಹಾಕಿದ್ವಿ. ಊರಿನ ಹೆಸರ ಬ್ಯಾಡ. ನೋಡಾಕ ಹೋದ್ರ ಕಾಲಿಗೆ ಸರಪಳಿ ಹಾಕಿದ್ರು. ಬೆನ್ನ ಮ್ಯಾಲೆ ಬಾಸುಂಡಿ. ನಾ ಬಿಡಿಸಿಕೊಂಡು ಬಂದೆ. ಬಂದ ದಿನಾನ ಕುಡದಾ.

ಸೊಸಿ: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕುಡಿತದಿಂದ ಬರೂ ಮನಸ್ಸಿನ ತೊಂದ್ರಿನೂ ಜಡ್ಡ. ಅಂಥ ಜಡ್ಡಿನಾವರಿಗೆ ಸರಪಳಿ ಹಾಕೂದನ್ನ ಆ ಕಾಯ್ದೆ ನೇರ ನಿಷೇಧ ಮಾಡೈತಿ. ಇಂಥ ಕೇಂದ್ರ ನಡಸಾಕ ನೋಂದಣಿ ಬೇಕು. ಇದು ಊರಿಗೆ ಗೊತ್ತಿರಬೇಕು, ಇಲ್ಲಂದ್ರ ನೊಂದಾವರು ರೊಕ್ಕಾ ಕೊಟ್ಟು ನೋವು ಕೊಂಡುತರತಾರ. ಮತ್ತ ಸಣ್ಣತ್ತಿ ಸಾರಿನ್ಯಾಗ ಏನರೆ ಪುಡಿ ಹಾಕಿದ್ದಳಾ?

ಮಾಮಾ: ನಿನಗ ಹ್ಯಾಂಗ ಗೊತ್ತಾತು?

ಸೊಸಿ: ಕುಡುಕರಿಗೆ ಗೊತ್ತಾಗದಂಗ ಬಿಡಸತೀವಿ ಅಂತ ಗ್ವಾಡಿ ಮ್ಯಾಲೆ ಬರದಿರತಾರ, ಬಸ್‌ಸ್ಟ್ಯಾಂಡಿನ್ಯಾಗ ಚೀಟಿ ಅಂಟಿಸಿರತಾರ. ಆ ಪುಡ್ಯಾಗ ಡೈಸಲ್ಫಿರಾಮ್ ಅನ್ನೂ ಔಷಧ ಬೆರಸಿದ್ರ ಜೀವಕ್ಕ ಕುತ್ತು. 1940ರ ದಶಕದಾಗ ಡೆನ್ಮಾರ್ಕಿನ ಸಂಶೋಧಕರು ಆ ಔಷಧದ ಗುಣಾ ಕಂಡು ಹಿಡದ್ರು. ಅದು ಹೊಟ್ಯಾಗ ಇದ್ದಾಗ ಕುಡದ್ರ ಮಾರಿ ಕೆಂಪಾಗಿ, ಎದಿ ಹೊಡಕೊಂಡು, ವಾಂತಿ ಆಗಿ, ಬಿ.ಪಿ. ಇಳೀತೈತಿ. ತಾನ ಒಪ್ಪಿ, ತಿಳದು, ಡಾಕ್ಟರ ಹೇಳಿದಂಗ ನುಂಗಾವಗ ಅದು ಬೇಲಿ. ಕದ್ದು ಹಾಕಿದ್ರ ಅದು ಬಲಿ. ಶೆರೆ ಆಸೆ ಕಡಿಮಿ ಮಾಡೂ ಬ್ಯಾರೆ ಗುಳಿಗೀನೂ ಅದಾವ. ಯಾವ್ದು ಹೊಂದತೈತಿ ಅಂತ ಡಾಕ್ಟರ ಹೇಳಬೇಕು.

ಮಾಮಾ: ಎಲ್ಲಾ ಖರೆ. ಆದ್ರ ನಾಕು ತಿಂಗಳ ಬಿಟ್ಟು ಮತ್ತ ಹಿಡದಾನಲ್ಲ. ಅವಾ ತಿದ್ದಿಕೊಳ್ಳೂವಂಥಾಂವ ಅಲ್ಲ.

ಸೊಸಿ: ಮಾಮಾ, ನಿನಗ ಸಕ್ಕರಿ ಜಡ್ಡು ಎಷ್ಟು ವರ್ಷದಿಂದ?

ಮಾಮಾ: ಹನ್ನೆರಡು.

ಸೊಸಿ: ನಡಬರಕ ಎಷ್ಟು ಸಲ ಹೆಚ್ಚಾತು? ಹೋದ ದೀಪಾವಳ್ಯಾಗ ಎಷ್ಟು ಕರ್ಜಿಕಾಯಿ ತಿಂದಿ? ಡಾಕ್ಟರ್ರು ನಿನ್ನ ದವಾಖಾನಿಂದ ಹೊರಗ ಹಾಕಿದ್ರಾ? ಗುಳಿಗಿ ಬದಲ ಮಾಡಿ, ಮುಂದಿನ ತಿಂಗಳ ಬಾ ಅಂದ್ರು. ಅಮೆರಿಕದ ಸಂಶೋಧಕರು 2000ರಾಗ ಬರದ ಲೇಖನ ಒಂದೈತಿ. ಚಟದ ಜಡ್ಡು ಮರಕಳಿಸೂದು ಬಿ.ಪಿ., ದಮ್ಮು, ಸಕ್ಕರಿ ಇವುಗಳಿಗಿಂತ ಬ್ಯಾರೆ ಅಲ್ಲ, ಅವನ್ನ ನೋಡಿದಂಗ ಇದನ್ನೂ ಬಾಳುದ್ದಕ್ಕ ನೋಡಬೇಕು ಅಂತ ಅವರ ವಾದ. ಸಣ್ಣಮಾಮಾ ಕುಡದ ಒಂದು ದಿನಾ ನೀ ಎಣಿಸಿದಿ. ಕುಡಿಯದ ನಾಕು ತಿಂಗಳು? ನೂರಾ ಇಪ್ಪತ್ತು ಮುಂಜಾನಿ ಅವು. ಒಂದೊಂದು ಮುಂಜಾನೀನೂ ಅವಾ ಗೆದ್ದಿದ್ದ. ಆ ನೂರಾ ಇಪ್ಪತ್ತರಾಗ ಒಂದು ದಿನ ನೀ ಚಲೋ ಮಾಡಿದಿ ತಮ್ಮಾ ಅಂದಿದ್ದ್ಯಾ?

(ಮಾಸ್ತರರು ಉತ್ತರಿಸುವುದಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ.)

ಸೊಸಿ: ನೀನ ಸಾಲ್ಯಾಗ ನಮಗ ಶರಣರ ಹೆಸರ ಕಲಿಸಿದಿ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ. ಆ ಸಾಲಿನ್ಯಾಗ ಒಬ್ಬಾಂವ ಹೆಂಡದ ಮಾರಯ್ಯ.

ಮಾಮಾ: ಹೌದು. ಹೆಂಡ ಮಾರೂ ಕಾಯಕದಾಂವ. ವಚನಾ ಬರದಾನ.

ಸೊಸಿ: ಹೆಂಡ ಮಾರಾಂವ ಬಂದ್ರೂ ಶರಣರು ಸರದು ಕೂತು ಜಾಗಾ ಕೊಟ್ರು. ನಾವು ಆ ಶರಣರ ವಚನ ಕಲ್ಲಿನ್ಯಾಗ ಕೊರದು ಇಟ್ಟೀವಿ. ಹೆಂಡ ಕುಡದಾವಗ ನಮ್ಮ ಪಡಸಾಲ್ಯಾಗ ಜಾಗಾ ಇಲ್ಲ.

ಮಾಮಾ: (ಬಹಳ ಹೊತ್ತಿನ ಮೇಲೆ) ಮಂಗಳವಾರ ಅಂದ್ರ ನಾಡದ. ಬಾಗೇವಾಡಿ ತಾಲೂಕ ಆಸ್ಪತ್ರಿಗೆ ಡಾಕ್ಟರ್ರು ಖರೇನ ಬರತಾರೇನು?

ಸೊಸಿ: ಇವತ್ತ ಫೋನ ಹಚ್ಚಿ ಕೇಳೂಣು. 14416 ಟೆಲಿಮಾನಸ್ ಸಹಾಯವಾಣಿ. ಹಗಲೂ ರಾತ್ರಿ ಎತ್ತತಾರ, ಕನ್ನಡದಾಗ ಮಾತಾಡತಾರ. ಚಟದ ಸಲುವಾಗೇ ಇರೂದು 14446. ಎಲ್ಲಿ, ಯಾವಾಗ ಅಂತ ಕೇಳಿ ಹೋಗೂಣು. ಈ ಸಲ ಅವಂಗ ತಾನ ಒಮ್ಮಿಗೇ ನಿಲ್ಲಸಬ್ಯಾಡ ಅಂತ ಹೇಳಬೇಕು. ಡಾಕ್ಟರ ನೋಡಿ ಹೇಳಲಿ.

ಮಾಮಾ: ಕುಡದಿದ್ರೂ ಕರಕೊಂಡು ಹೋಗಬಹುದಾ?

ಸೊಸಿ: ಕುಡದಿದ್ರೂ ಹೋಗೂಣು. ಜ್ವರಾ ಇಳಿಯೂ ತನಕ ಕಾದು ದವಾಖಾನಿಗೆ ಹೋಗತೀವೇನು?

ಮಾಮಾ: ಬರೂದಿಲ್ಲ ಅಂದ್ರ?

ಸೊಸಿ: ಎಳಕೊಂಡು ಹೋಗಬ್ಯಾಡ. ಮತ್ತೊಂದು ಮಂಗಳವಾರ ಕೇಳು. ಅದರ ಮುಂದಿನ ಮಂಗಳವಾರ ಮತ್ತ ಕೇಳು.

ಮಾಮಾ: (ಎದ್ದು ನಿಂತು) ಕತ್ತಲಾಗಾಕ ಬಂತು. ಮನಿಗೆ ಹೋಗಿ ನಿಮ್ಮ ಅತ್ತಿ ಕಟ್ಟಿಟ್ಟ ರೊಟ್ಟಿ ತಗೊಂಡು ಬಾ ಯವ್ವಾ. ದಿನಾ ಆಳಮನಷ್ಯಾ ಒಯ್ದು ಕೊಡತಾನ. ಇವತ್ತ ನಾ ಒಯ್ಯತೀನಿ. ಎರಡಲ್ಲ, ನಾಕು ರೊಟ್ಟಿ ಹಾಕಂತ ಹೇಳು. ನಾನೂ ಅಲ್ಲೇ ಉಣತೀನಿ.